ಬೆಂಕಿ ಹೊತ್ತಿಸೋ ಪುಳ್ಳೆಗೆ ಬೇರೆ ಭಾಷೇಲಿ ಏನಂತಾರೆ? ಸರಿಯಾದ ಪದ ಹುಡುಕೋ ವಿಧಾನ

ಇಂಗ್ಲಿಷಿನ ಕಿಂಡ್ಲಿಂಗ್‌ಗೆ ಕನ್ನಡದಲ್ಲಿ ಏನು ಅಂತ ಹುಡುಕಿದ್ರೆ ಬಹಳ ಕಡೆ ಉರುವಲು ಅಂತಲೋ ಸೌದೆ ಅಂತಲೋ ಸಿಗುತ್ತೆ. ಆದ್ರೆ ಸೌದೆ ಅನ್ನೋದು ಬೆಂಕಿ ಹತ್ತಿದ ಮೇಲೆ ಇಡೋದು, ಅದನ್ನೇ ಮೊದಲು ಇಟ್ಟು ಕಡ್ಡಿ ಗೀರ್ತಾ ಕೂತ್ರೆ ಬೆಂಕಿಪೊಟ್ಟಣ ಖಾಲಿ ಆಗುತ್ತೆ, ಸೌದೆ ಮಾತ್ರ ಬರೀ ಕಪ್ಪಾಗುತ್ತೆ. ಕಿಂಡ್ಲಿಂಗ್‌ಗೆ ನಮ್ಮಲ್ಲಿ ಪುಳ್ಳೆ, ಪುರಳೆ, ಚಕ್ಕೆ, ಸಿಬರು ಅಂತ ಒಳ್ಳೊಳ್ಳೆ ಪದಗಳಿವೆ, ಎಲ್ಲಾ ಜೀವಂತ ಪದಗಳೇ. ಇದೇ ಗೋಳು ಎಲ್ಲಾ ಭಾಷೇಲೂ ಇದೆ. ಡಿಕ್ಷನರಿ ಒಂದು ಪದಕ್ಕೆ ಒಂದು ಪದ ಕೊಟ್ಟು ಸುಮ್ಮನಾಗುತ್ತೆ, ಬೆಂಕಿ ಹೊತ್ತಿಸೋರ ಬಾಯಲ್ಲಿ ಮಾತ್ರ ನಾಲ್ಕೈದು ಪದ ಓಡಾಡ್ತಿರುತ್ತೆ. ಅನುವಾದ ಮಾಡೋರಿಗೆ, ಬೇರೆ ದೇಶದ ಕಾಡಲ್ಲಿ ಕ್ಯಾಂಪ್ ಹಾಕೋರಿಗೆ, ನನ್ ಥರ ಪದಗಳನ್ನ ಕೂಡಿಡೋ ಹುಚ್ಚು ಇರೋರಿಗೆ ಉಪಯೋಗ ಆಗ್ಲಿ ಅಂತ, ಸರಿಯಾದ ಪದ ಹಿಡಿಯೋದು ಹೇಗೆ ಅಂತ ಬರೀತಾ ಇದೀನಿ.

ಮೊದಲು ಕೆಲಸ ಯಾವ್ದು ನೋಡಿ, ಪದ ಆಮೇಲೆ

ದಪ್ಪ ಸೌದೆಗೆ ನೇರವಾಗಿ ಬೆಂಕಿ ಹತ್ತಲ್ಲ. ಯಾಕಂದ್ರೆ ನಿಜವಾಗಿ ಉರಿಯೋದು ಮರದಿಂದ ಹೊರಡೋ ಅನಿಲ, ಆ ಅನಿಲ ಹೊರಟು ಬೆಂಕಿ ಹಿಡೀಬೇಕು ಅಂದ್ರೆ ಮರ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ತನಕ ಬಿಸಿ ಆಗ್ಬೇಕು, ಅದಕ್ಕೂ ಮುಂಚೆ ಒಳಗಿರೋ ನೀರೆಲ್ಲ ಆವಿ ಆಗ್ಬೇಕು. ಆಗ ತಾನೇ ಕಡಿದ ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು, ಚೆನ್ನಾಗಿ ಒಣಗಿದ ಸೌದೇಲಿ ಅದು 20 ಪರ್ಸೆಂಟ್‌ಗಿಂತ ಕಮ್ಮಿ ಇರುತ್ತೆ. ತೆಳು ಸಿಬರಿಗೆ ಮೈ ಜಾಸ್ತಿ ತೂಕ ಕಮ್ಮಿ, ಹಾಗಾಗಿ ಒಂದು ಕಡ್ಡಿಯ ಶಾಖಕ್ಕೇ ಅದು ಹತ್ತಿಕೊಳ್ಳುತ್ತೆ, ಅದರ ಶಾಖಕ್ಕೆ ಬೆರಳು ದಪ್ಪದ್ದು, ಅದರ ಶಾಖಕ್ಕೆ ತೋಳು ದಪ್ಪದ್ದು. ಈ ಮೆಟ್ಟಿಲು ಎಲ್ಲಾ ಕಡೆ ಒಂದೇ, ಹಾಗಾಗಿ ಪದ ಹುಡುಕೋವಾಗ ನಾವು ಹಿಡ್ಕೋಬೇಕಾದ್ದೂ ಇದನ್ನೇ.

ಮೊದಲ್ನೇ ಮೆಟ್ಟಿಲು ಕಿಡಿ ಹಿಡಿಯೋ ವಸ್ತು. ಒಣ ಹುಲ್ಲು, ನಾರು, ಮರದ ಮೇಲೆ ಬೆಳೆಯೋ ಅಣಬೆ, ಪುಡಿಪುಡಿ ಆಗೋ ಲಡ್ಡು ಮರ ಇವೆಲ್ಲ ಇಲ್ಲಿ ಬರುತ್ತೆ. ಇಂಗ್ಲಿಷಲ್ಲಿ ಟಿಂಡರ್, ಜರ್ಮನ್‌ನಲ್ಲಿ ತ್ಸುಂಡರ್, ಡಚ್‌ನಲ್ಲಿ ತೊಂಡೆಲ್, ಸ್ಪ್ಯಾನಿಷ್‌ನಲ್ಲಿ ಯೆಸ್ಕಾ, ರಷ್ಯನ್‌ನಲ್ಲಿ ತ್ರೂತ್, ಜಪಾನಿಯಲ್ಲಿ ಹೊಕುಚಿ. ಲ್ಯಾಟಿನ್‌ನಲ್ಲಿ ಫೋಮೆಸ್. ಈ ಫೋಮೆಸ್ ಇವತ್ತಿಗೂ ಒಂದು ಅಣಬೆಯ ವೈಜ್ಞಾನಿಕ ಹೆಸರಲ್ಲಿ ಉಳ್ಕೊಂಡಿದೆ, ಫೋಮೆಸ್ ಫೋಮೆಂಟೇರಿಯಸ್ ಅಂತ. 1991ರಲ್ಲಿ ಆಲ್ಪ್ಸ್ ಪರ್ವತದ ಮಂಜಿನಲ್ಲಿ ಸಿಕ್ಕ ಸುಮಾರು 5300 ವರ್ಷ ಹಿಂದಿನ ಮನುಷ್ಯನ ದೇಹ, ಓಟ್ಸಿ ಅಂತ ಹೆಸರಿಟ್ಟಿದ್ದಾರಲ್ಲ, ಅವನ ಹತ್ರ ಇದೇ ಅಣಬೆ ಇತ್ತು, ಅದರ ಮೇಲೆ ಕಿಡಿ ಬರಿಸೋ ಪೈರೈಟ್ ಕಲ್ಲಿನ ಕಣಗಳೂ ಇದ್ವು. ಅವನು ಅದನ್ನ ಏನಂತ ಕರೀತಿದ್ದ ಅಂತ ಕೇಳೋಕೆ ಆಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅಂತ ನಂಗೆ ಯಾವಾಗ್ಲೂ ಅನ್ಸುತ್ತೆ.

ಎರಡ್ನೇದು ಉರಿ ಹಿಡಿದು ನಿಲ್ಲಿಸೋ ಪುಳ್ಳೆ, ಕಡ್ಡಿ ದಪ್ಪದಿಂದ ಹೆಬ್ಬೆರಳು ದಪ್ಪದ ತನಕ. ಮೂರ್ನೇದು ಪೂರ್ತಿ ಉರಿಯೋ ಸೌದೆ. ಇದರ ಜೊತೆಗೆ ಮೆಟ್ಟಿಲಿನ ಲೆಕ್ಕಕ್ಕೆ ಸಿಗದೇ ಇರೋವು ಎರಡಿವೆ, ಅಂಟು ತುಂಬಿದ ಮರ ಮತ್ತೆ ಉಜ್ಜಿ ಬೆಂಕಿ ತೆಗೆಯೋ ಮರ, ಅವನ್ನ ಆಮೇಲೆ ನೋಡೋಣ. ನಿಮ್ಮ ಕೈಗೆ ಒಂದು ಪರಭಾಷಾ ಪದ ಬಂದಾಗ ಇದು ಯಾವ ಮೆಟ್ಟಿಲಿಂದು ಅಂತ ಕೇಳ್ಕೊಳಿ, ಉತ್ತರ ಸಿಗೋವರೆಗೂ ಕನ್ನಡ ಪದ ಬರೀಬೇಡಿ.

ಪದ ಮೂರು ದಾರೀಲಿ ಹುಟ್ಟುತ್ತೆ, ಹುಡುಕೋದೂ ಅದೇ ದಾರೀಲಿ

ಪುಳ್ಳೆಗೆ ಸಿಗೋ ಹೆಸರುಗಳನ್ನ ಒಟ್ಟಿಗೆ ಇಟ್ಟು ನೋಡಿದ್ರೆ ಅವು ಸುಮ್ಸುಮ್ನೆ ಹುಟ್ಟಿಲ್ಲ ಅಂತ ಗೊತ್ತಾಗುತ್ತೆ. ಕೆಲವು ಭಾಷೆಗಳು ಕ್ರಿಯೆಯಿಂದ ಹೆಸರು ಮಾಡ್ಕೊಂಡಿವೆ, ಅಂದ್ರೆ ಹೊತ್ತಿಸು ಅನ್ನೋ ಮಾತಿಂದ. ಕೆಲವು ಆಕಾರದಿಂದ ಅಥವಾ ಗಾತ್ರದಿಂದ. ಇನ್ನು ಕೆಲವು ಮರದಿಂದ, ಇವು ಅಂಟು ತುಂಬಿದ ಮರದ ಭಾಗದಲ್ಲಿ ಬರುತ್ತವೆ.

ಕ್ರಿಯೆಯಿಂದ ಬಂದವು ಹುಡುಕೋಕೆ ಬಹಳ ಸುಲಭ. ಸ್ವೀಡಿಷ್‌ನಲ್ಲಿ ತೆಂಡಾ ಅಂದ್ರೆ ಹೊತ್ತಿಸು, ವೇದ್ ಅಂದ್ರೆ ಸೌದೆ, ಎರಡೂ ಸೇರಿ ತೆಂಡ್‌ವೇದ್. ಡಚ್‌ನಲ್ಲಿ ಆನ್‌ಮಾಕ್‌ಹೌಟ್, ಜರ್ಮನ್‌ನಲ್ಲಿ ಆನ್‌ಮಾಖ್‌ಹೋಲ್ಟ್ಸ್, ಎರಡ್ರಲ್ಲೂ ಬೆಂಕಿ ಹಚ್ಚೋ ಮರ ಅಂತಲೇ ಅರ್ಥ. ಫಿನ್ನಿಷ್‌ನಲ್ಲಿ ಸ್ಯುತ್ಯುಕೆ, ಹಂಗೇರಿಯನ್‌ನಲ್ಲಿ ಡ್ಯೂಯ್ತೋಶ್, ಪೋಲಿಷ್‌ನಲ್ಲಿ ರೊಸ್ಪೌಕಾ, ರಷ್ಯನ್‌ನಲ್ಲಿ ರಸ್ತೋಪ್ಕಾ, ಪೋರ್ಚುಗೀಸ್‌ನಲ್ಲಿ ಅಸೆಂದಾಲ್ಯ, ಇವೆಲ್ಲ ಆಯಾ ಭಾಷೇಲಿ ಹೊತ್ತಿಸು ಅನ್ನೋ ಕ್ರಿಯಾಪದದ ಮಕ್ಕಳೇ. ಜಪಾನಿಯ ತಕಿತ್ಸುಕೆ ಕೂಡ ಹಂಗೇ, ಉರಿಸೋದು ಮತ್ತೆ ಹಚ್ಚೋದು ಎರಡೂ ಸೇರಿ ಆದ ಪದ. ಹಾಗಾಗಿ ಗೊತ್ತಿಲ್ಲದ ಭಾಷೇಲಿ ಹುಡುಕೋವಾಗ ಮರ, ಕಟ್ಟಿಗೆ ಅಂತ ಸರ್ಚ್ ಮಾಡೋ ಬದಲು ಆ ಭಾಷೇಲಿ ಬೆಂಕಿ ಹೊತ್ತಿಸು ಅನ್ನೋದಕ್ಕೆ ಏನಂತಾರೆ ಅಂತ ಮೊದಲು ತಿಳ್ಕೊಳಿ, ಆಮೇಲೆ ಆ ಕ್ರಿಯಾಪದದ ಅಕ್ಕಪಕ್ಕ ಡಿಕ್ಷನರೀಲಿ ಏನೇನಿದೆ ಅಂತ ಓದಿ, ಬಹಳ ಸಲ ಅಲ್ಲೇ ನಾಲ್ಕು ಸಾಲು ಕೆಳಗೆ ನಿಮಗೆ ಬೇಕಾದ ಪದ ಕೂತಿರುತ್ತೆ.

ನಮ್ಮ ಕಡೆ ಭಾಷೆಗಳು ಬಹುಮಟ್ಟಿಗೆ ಎರಡ್ನೇ ದಾರಿಯವು. ಚಕ್ಕೆ ಅಂದ್ರೆ ಕೊಡಲಿ ಏಟಿಗೆ ಎದ್ದು ಬಂದ ತುಂಡು, ಸಿಬರು ಅಂದ್ರೆ ಸೀಳಿ ಬಂದ ಎಳೆ, ಪುಳ್ಳೆ ಅಂದ್ರೆ ಒಣಗಿ ಉದುರಿದ ಸಣ್ಣ ಕಡ್ಡಿ. ಇದ್ರಲ್ಲಿ ಎಲ್ಲೂ ಬೆಂಕಿಯ ಮಾತೇ ಇಲ್ಲ ನೋಡಿ. ತಮಿಳಿನ ಸುಳ್ಳಿ, ಮಲಯಾಳದ ಚುಳ್ಳಿ, ತೆಲುಗಿನ ಚಿತುಕುಲು, ಪುಲ್ಲ ಎಲ್ಲಾ ಇದೇ ಜಾತಿ. ಫ್ರೆಂಚಲ್ಲೂ ಪೆತಿ ಬ್ವಾ ಅಂತಾರೆ, ಚಿಕ್ಕ ಮರ ಅಂತಷ್ಟೇ ಅರ್ಥ. ರೊಮೇನಿಯನ್‌ನ ಸುರ್ಚೆಲೆ ಕೂಡ ಸಣ್ಣ ಕೊಂಬೆ ಅನ್ನೋದ್ರಿಂದ ಬಂದಿದ್ದು. ಇಂಥ ಭಾಷೇಲಿ ಹುಡುಕೋವಾಗ ಡಿಕ್ಷನರೀಲಿ ಬೆಂಕಿ ಅಂತ ಹುಡುಕಿದ್ರೆ ಏನೂ ಸಿಗಲ್ಲ, ಒಣ ಕಡ್ಡಿ, ಸಿಪ್ಪೆ, ಚೂರು, ಸೀಳು ಅಂತ ಹುಡುಕಬೇಕು. ಕನ್ನಡದಿಂದ ಬೇರೆ ಭಾಷೆಗೆ ಅನುವಾದ ಮಾಡೋರೂ ಇದನ್ನ ನೆನಪಲ್ಲಿಟ್ಕೊಂಡ್ರೆ ಒಳ್ಳೇದು, ಪುಳ್ಳೆ ಆರಿಸ್ಕೊಂಡು ಬಂದಳು ಅನ್ನೋದನ್ನ ಬರೀ ಕಡ್ಡಿ ಆರಿಸ್ಕೊಂಡು ಬಂದಳು ಅಂತ ಬರೆದ್ರೆ ಯಾಕೆ ಆರಿಸಿದಳು ಅನ್ನೋದೇ ಓದುವವರಿಗೆ ಗೊತ್ತಾಗಲ್ಲ.

ಬೆಂಕಿಕಡ್ಡಿಯ ಹೆಸರಲ್ಲಿ ಈ ಹಳೇ ಪುಳ್ಳೆಗಳು ಅಡಗಿ ಕೂತಿರುತ್ತವೆ, ಇದು ನನಗೆ ಬಹಳ ಇಷ್ಟವಾದ ವಿಷಯ. ತೆಲುಗಿನಲ್ಲಿ ಬೆಂಕಿಕಡ್ಡಿಗೆ ಅಗ್ಗಿಪುಲ್ಲ, ತಮಿಳಲ್ಲಿ ತೀಕ್ಕುಚ್ಚಿ, ಮಲಯಾಳದಲ್ಲಿ ತೀಪ್ಪೆಟ್ಟಿಕ್ಕೊಳ್ಳಿ, ಈ ಕೊಳ್ಳಿ ನಮ್ಮ ಕೊಳ್ಳಿಯೇ. ಮರಾಠಿಯಲ್ಲಿ ಆಗ್‌ಕಾಡಿ. 1827ರಲ್ಲಿ ಇಂಗ್ಲೆಂಡಿನ ಜಾನ್ ವಾಕರ್ ಗೀರಿದ್ರೆ ಹತ್ತೋ ಕಡ್ಡಿ ಮಾರೋಕೆ ಶುರು ಮಾಡಿದ ಮೇಲೆ ಅದು ಊರೂರಿಗೆ ಹೋಯ್ತು, ಬಹಳ ಕಡೆ ಜನ ಹೊಸ ವಸ್ತುವಿಗೆ ಮನೇಲಿದ್ದ ಹಳೇ ಪುಳ್ಳೆಯ ಹೆಸರನ್ನೇ ಕೊಟ್ರು. ಹಾಗಾಗಿ ಒಂದು ಭಾಷೇಲಿ ಪುಳ್ಳೆಗೆ ಏನಂತಾರೆ ಅಂತ ಎಲ್ಲೂ ಸಿಗದೇ ಇದ್ರೆ ಬೆಂಕಿಕಡ್ಡಿಗೆ ಏನಂತಾರೆ ನೋಡಿ, ಆ ಪದವನ್ನ ಬಿಡಿಸಿ ನೋಡಿದ್ರೆ ಸುಳಿವು ಸಿಗಬಹುದು. ಎಲ್ಲಾ ಕಡೆ ಇದು ಕೆಲಸ ಮಾಡಲ್ಲ, ಡಚ್‌ನಲ್ಲಿ ಬೆಂಕಿಕಡ್ಡಿಗೆ ಲೂಸಿಫರ್ ಅಂತಾರೆ, ಅದು ಹಳೇ ಕಾಲದ ಕಡ್ಡಿಗಳನ್ನ ಮಾರ್ತಿದ್ದ ಹೆಸರು ಹಂಗೇ ಉಳಿದಿದ್ದು, ಅಲ್ಲಿ ಪುಳ್ಳೆ ಸಿಗಲ್ಲ.

ಅಂಟು ತುಂಬಿದ ಮರ, ಇದರ ಹೆಸರುಗಳು ಬೇರೆಯೇ

ಪೈನ್ ಜಾತಿಯ ಮರ ಸತ್ತಾಗ ಅಥವಾ ಪೆಟ್ಟು ತಿಂದಾಗ ಅದರ ತಿರುಳಲ್ಲಿ, ಬುಡದಲ್ಲಿ, ಕೊಂಬೆ ಸೇರೋ ಗಂಟಲ್ಲಿ ರಾಳ, ಅಂದ್ರೆ ಮರದ ಅಂಟು, ತುಂಬ್ಕೊಳ್ಳುತ್ತೆ. ಸುತ್ತಲಿನ ಮೆದು ಮರ ಕೊಳೆತು ಹೋದ್ರೂ ಈ ಭಾಗ ಕೊಳೆಯಲ್ಲ, ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಉಳಿಯುತ್ತೆ. ಸೀಳಿದ್ರೆ ಟರ್ಪೆಂಟೈನ್ ವಾಸನೆ ಹೊಡೆಯುತ್ತೆ, ಮಳೇಲಿ ನೆಂದಿದ್ರೂ ಕಡ್ಡಿ ತೋರಿಸಿದ ತಕ್ಷಣ ಕಪ್ಪು ಹೊಗೆ ಬಿಟ್ಕೊಂಡು ಧಗ್ ಅಂತ ಹತ್ತುತ್ತೆ. ಪೈನ್ ಕಾಡು ಇರೋ ಬಹಳ ಕಡೆ ಇದಕ್ಕೆ ಸ್ವಂತ ಹೆಸರಿದೆ, ಪೈನ್ ಇಲ್ಲದ ಕಡೆ ಹೆಸರು ಸಿಗೋದು ಕಷ್ಟ. ಕನ್ನಡದಲ್ಲಿ ಇದಕ್ಕೆ ಸರಿಹೊಂದೋ ಒಂದೇ ಪದ ಹುಡುಕ್ತಾ ಕೂರಬೇಡಿ, ರಾಳ ತುಂಬಿದ ಮರದ ತಿರುಳು ಅಂತ ಬಿಡಿಸಿ ಬರೀರಿ, ಬೇಕಿದ್ರೆ ಆ ಊರಿನ ಪದವನ್ನೇ ಕನ್ನಡ ಲಿಪೀಲಿ ಇಟ್ಟು ಒಂದ್ಸಲ ವಿವರಿಸಿಬಿಡಿ.

ಮೆಕ್ಸಿಕೋದಲ್ಲಿ ಇದು ಒಕೋತೆ. ಸ್ಪ್ಯಾನಿಷ್ ಮಾತಾಡೋರು ಬಳಸಿದ್ರೂ ಪದ ಸ್ಪ್ಯಾನಿಷ್ ಅಲ್ಲ, ಅಲ್ಲಿನ ನಾವಾತ್ಲ್ ಭಾಷೆಯ ಒಕೋತ್ಲ್. ಅಲ್ಲಿನ ಒಂದು ಪೈನ್ ಮರದ ವೈಜ್ಞಾನಿಕ ಹೆಸರೇ ಪೈನಸ್ ತೆಯೋಕೋತೆ, ತೆಯೋತ್ಲ್ ಅಂದ್ರೆ ದೇವರು, ದೇವರ ಪೈನ್ ಅಂತ ಆಯ್ತು. ನಮ್ಮ ದೇವದಾರು ಬೇರೆ ಮರ, ಆದ್ರೂ ಎಲ್ಲೋ ಭೂಮಿಯ ಆ ಕಡೆ ಇರೋರು ಹೆಸರಿಡೋವಾಗ ಅದೇ ದಾರಿ ಹಿಡಿದ್ರಲ್ಲ ಅಂತ ಖುಷಿ ಆಗುತ್ತೆ. ಸ್ಪೇನ್ ದೇಶದ ಸ್ಪ್ಯಾನಿಷ್‌ನಲ್ಲಿ ಇದೇ ವಸ್ತುವಿಗೆ ತೇಯಾ ಅಂತಾರೆ, ಲ್ಯಾಟಿನ್‌ನ ತೇದಾದಿಂದ ಬಂದಿದ್ದು, ಬರೆಯೋವಾಗ ಇಂಗ್ಲಿಷಿನ ಚಹಾ ಥರಾನೇ ಕಾಣುತ್ತೆ, ಆಟೋಮ್ಯಾಟಿಕ್ ಟ್ರಾನ್ಸ್‌ಲೇಟ್ ನಂಬ್ಕೊಂಡ್ರೆ ಪಂಜು ಹಿಡ್ಕೊಂಡು ಬಂದವನ ಕೈಗೆ ಟೀ ಬಂದ್ಬಿಡಬಹುದು, ಹುಷಾರು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಲಾಂಗ್‌ಲೀಫ್ ಪೈನ್‌ನಿಂದ ಸಿಗೋದಕ್ಕೆ ಲೈಟ್‌ವುಡ್ ಅಥವಾ ಫ್ಯಾಟ್‌ವುಡ್, ಜನ ಮಾತಾಡೋವಾಗ ಅದು ಲೈಟರ್ಡ್ ಆಗಿಬಿಟ್ಟಿದೆ. ಇಲ್ಲಿ ಲೈಟ್ ಅಂದ್ರೆ ಹಗುರ ಅಲ್ಲ, ಈ ಮರ ರಾಳದಿಂದಾಗಿ ಭಾರವೇ ಇರುತ್ತೆ, ಬೆಳಕಿನ ಲೈಟ್ ಅದು.

ನೇಪಾಳಿಯಲ್ಲಿ ದಿಯಾಲೋ ಅಂತಾರೆ, ದೀಪದ ನೆಂಟಸ್ತಿಕೆ ಕೇಳಿದ ಕೂಡ್ಲೇ ಗೊತ್ತಾಗುತ್ತೆ. ಟರ್ಕಿಷ್‌ನಲ್ಲಿ ಚಿರಾ, ಇದರ ಮೊದಲ ಸ್ವರ ನಮ್ಮ ಇ ಅಲ್ಲ, ನಾಲಿಗೆ ಹಿಂದೆ ಎಳೆದು ಹೇಳೋ ಸ್ವರ, ಕನ್ನಡದಲ್ಲಿ ಬರೆಯೋಕೆ ಅಕ್ಷರ ಇಲ್ಲ. ಗ್ರೀಕ್‌ನಲ್ಲಿ ದದೀ. ಫಿನ್ನಿಷ್‌ನಲ್ಲಿ ತೆರ್ವಾಸ್, ತೆರ್ವಾ ಅಂದ್ರೆ ಟಾರು. ನಾರ್ವೇಜಿಯನ್‌ನಲ್ಲಿ ತ್ಯುರಿ. ಜರ್ಮನ್‌ನಲ್ಲಿ ಕೀನ್, ಅದನ್ನ ಸೀಳಿ ಮಾಡಿದ ಕಡ್ಡಿ ಕೀನ್‌ಷ್ಪಾನ್. ಜರ್ಮನ್‌ನಲ್ಲಿ ಪೈನ್ ಮರಕ್ಕೆ ಇವತ್ತು ಹೇಳೋ ಕೀಫರ್ ಅನ್ನೋ ಹೆಸರು ಕೂಡ ಕೀನ್ ಮತ್ತೆ ಫೋರೆ ಅನ್ನೋ ಮರದ ಹಳೇ ಹೆಸರು ಸೇರಿ ಆದದ್ದು, ಅಂದ್ರೆ ಬೆಂಕಿ ಹೊತ್ತಿಸೋ ತುಂಡಿನ ಹೆಸರು ಇಡೀ ಮರಕ್ಕೇ ಅಂಟ್ಕೊಂಡಿದೆ.

ಇಲ್ಲಿ ಒಂದು ಎಚ್ಚರ. ರಷ್ಯನ್‌ನ ಲುಚೀನಾವನ್ನ ಈ ಪಟ್ಟಿಗೆ ಸೇರಿಸ್ಬೇಡಿ. ಅದು ತೆಳುವಾಗಿ ಸೀಳಿದ ಉದ್ದ ಸಿಬರು, ಸ್ವೆತೆಟ್ಸ್ ಅನ್ನೋ ಕಬ್ಬಿಣದ ಕವೆಗೆ ಸಿಗಿಸಿ ಮನೆಗೆ ಬೆಳಕು ಮಾಡ್ಕೊಳ್ತಿದ್ರು, ಅದನ್ನ ಬರ್ಚ್ ಮರದಿಂದಲೂ ಮಾಡ್ತಿದ್ರು, ಬರ್ಚ್‌ನಲ್ಲಿ ಪೈನ್ ರಾಳ ಎಲ್ಲಿಂದ ಬರಬೇಕು. ಪೋಲಿಷ್‌ನ ವುಚಿವೋ ಅದರ ನೆಂಟ, ಆದ್ರೆ ಅದು ಮಾತ್ರ ರಾಳದ ಮರ. ಒಂದೇ ಬೇರಿನ ಪದ ಪಕ್ಕದ ಭಾಷೇಲಿ ಬೇರೆ ವಸ್ತು ಆಗಿರುತ್ತೆ, ಅದಕ್ಕೇ ಮೊದಲು ವಸ್ತು ನೋಡಿ ಅಂತ ಅಷ್ಟು ಒತ್ತಿ ಹೇಳಿದ್ದು.

ಮರ ಬೇರೆ, ಸೌದೆ ಬೇರೆ

ಕೆಲವು ಭಾಷೆಗಳು ಕಟ್ಟೋ ಮರಕ್ಕೂ ಸುಡೋ ಮರಕ್ಕೂ ಪೂರ್ತಿ ಬೇರೆ ಪದ ಇಟ್ಕೊಂಡಿವೆ. ಲ್ಯಾಟಿನ್‌ನಲ್ಲಿ ಮಾತೇರಿಯಾ ಅಂದ್ರೆ ಕಟ್ಟಡದ ಮರ, ಲಿಗ್ನಾ ಅಂದ್ರೆ ಸೌದೆ. ಸ್ಪ್ಯಾನಿಷ್‌ನಲ್ಲಿ ಅದೇ ಮಾದೇರಾ ಮತ್ತು ಲೇನ್ಯಾ ಆಗಿ ಮುಂದುವರಿದಿದೆ. ಅರಬ್ಬಿಯಲ್ಲಿ ಖಶಬ್ ಮತ್ತು ಹತಬ್, ಪರ್ಷಿಯನ್‌ನಲ್ಲಿ ಚೂಬ್ ಮತ್ತು ಹೀಜೊಮ್, ಸ್ವಾಹಿಲಿಯಲ್ಲಿ ಸೌದೆಗೆ ಕುನಿ. ರಷ್ಯನ್‌ನ ದ್ರವಾ ಯಾವಾಗ್ಲೂ ಬಹುವಚನ, ಒಂದು ಸೌದೆ ಅಂತ ಅದರಲ್ಲಿ ನೇರವಾಗಿ ಹೇಳೋಕಾಗಲ್ಲ. ಇನ್ನೊಂದು ಗುಂಪಲ್ಲಿ ಎರಡಕ್ಕೂ ಒಂದೇ ಪದ, ಫ್ರೆಂಚಿನ ಬ್ವಾ, ಜರ್ಮನ್‌ನ ಹೋಲ್ಟ್ಸ್, ಹಿಂದಿಯ ಲಕಡಿ. ಕನ್ನಡದಲ್ಲಿ ಎರಡೂ ಉಂಟು, ಸೌದೆ ಅಂದ್ರೆ ಸುಡೋದೇ, ಕಟ್ಟಿಗೆ ಅನ್ನೋದನ್ನ ಉತ್ತರ ಕರ್ನಾಟಕದ ಮಾತಲ್ಲಿ ಒಲೆಗೂ ಹೇಳ್ತಾರೆ, ಕಟ್ಟಿಗಿ ಕುರ್ಚಿ ಅಂತಲೂ ಹೇಳ್ತಾರೆ. ಒಂದೇ ಪದ ಇರೋ ಭಾಷೆಯಿಂದ ತರ್ಜುಮೆ ಮಾಡೋವಾಗ ಸುತ್ತಲಿನ ಸಾಲು ಓದದೇ ಮರ ಅಂತಲೋ ಸೌದೆ ಅಂತಲೋ ತೀರ್ಮಾನ ಮಾಡ್ಬೇಡಿ.

ಕಾಲದ ಜೊತೆ ಜಾರೋ ಪದಗಳೂ ಇವೆ. ಸಂಸ್ಕೃತದಲ್ಲಿ ಇಂಧ್ ಅನ್ನೋ ಧಾತುವಿಗೆ ಹೊತ್ತಿಸು ಅಂತ ಅರ್ಥ, ಅದರಿಂದ ಇಂಧನ ಬಂತು, ಸಂ ಸೇರಿ ಸಮಿಧೆ ಬಂತು. ಈಗ ಕನ್ನಡದಲ್ಲಿ ಇಂಧನ ಅಂದ್ರೆ ಜನಕ್ಕೆ ಪೆಟ್ರೋಲ್ ಡೀಸೆಲ್ ನೆನಪಾಗುತ್ತೆ. ಅರಬ್ಬಿಯ ವಕೂದ್‌ಗೂ ಇದೇ ಆಗಿದೆ. ಹಳೇ ಪಠ್ಯದಲ್ಲಿ ಈ ಪದ ಕಂಡ್ರೆ ಇವತ್ತಿನ ಅರ್ಥ ಹಾಕ್ಬೇಡಿ.

ಮಾತಾಡೋರನ್ನೇ ಕೇಳೋದಾದ್ರೆ

ಇದೇ ಅತ್ಯುತ್ತಮ ದಾರಿ, ಡಿಕ್ಷನರಿಗಿಂತ ನಾನು ಇದನ್ನೇ ನಂಬೋದು. ಆದ್ರೆ ಕಿಂಡ್ಲಿಂಗ್‌ಗೆ ನಿಮ್ಮ ಭಾಷೇಲಿ ಏನು ಅಂತ ಮಾತ್ರ ಕೇಳ್ಬೇಡಿ, ಹಾಗೆ ಕೇಳಿದ್ರೆ ಅವರೂ ಡಿಕ್ಷನರೀಲಿ ಓದಿದ್ದನ್ನೇ ಹೇಳ್ತಾರೆ, ಇಲ್ಲಾಂದ್ರೆ ಅಂಥ ಪದ ಇಲ್ಲ ಅಂದ್ಬಿಡ್ತಾರೆ. ಬೇರೆ ಬೇರೆ ದಪ್ಪದ ತುಂಡುಗಳನ್ನ ಮುಂದೆ ಇಡಿ, ಒಂದು ಕೈಹಿಡಿ ಒಣ ನಾರು, ಕಡ್ಡಿ ಗಾತ್ರದ ಸಿಬರು, ಬೆರಳು ದಪ್ಪದ ಪುಳ್ಳೆ, ಕೊಡಲಿಯಿಂದ ಎದ್ದ ಚಕ್ಕೆ, ತೋಳು ದಪ್ಪದ ಸೀಳಿದ ಸೌದೆ. ದೂರದಲ್ಲಿದ್ರೆ ಫೋಟೋ ಕಳಿಸಿ, ಪಕ್ಕದಲ್ಲಿ ಒಂದು ನಾಣ್ಯನೋ ಪೆನ್ನೋ ಇಟ್ಟು ಫೋಟೋ ತೆಗೀರಿ, ಇಲ್ಲಾಂದ್ರೆ ದಪ್ಪ ಎಷ್ಟು ಅಂತ ಅವರಿಗೆ ಗೊತ್ತಾಗಲ್ಲ. ಒಂದೊಂದನ್ನೇ ತೋರಿಸಿ ಇದನ್ನ ಏನಂತೀರಿ ಅಂತ ಕೇಳಿ. ಆಮೇಲೆ ಒಲೆ ಹಚ್ಚೋವಾಗ ಮೊದಲು ಏನಿಡ್ತೀರಿ, ಆಮೇಲೆ ಏನು, ಮಳೆಗಾಲದಲ್ಲಿ ಏನ್ಮಾಡ್ತೀರಿ ಅಂತ ಕೇಳಿ, ಅವರು ಹೇಳ್ತಾ ಹೋದ ಹಾಗೆ ಪದಗಳು ತಾವಾಗೇ ಬೀಳುತ್ತವೆ. ಮಳೆಗಾಲದ ಪ್ರಶ್ನೆ ಬಿಡಲೇಬೇಡಿ. ಒಣಗಿದ್ದು ಸಿಗದೇ ಇದ್ದಾಗ ಬಳಸೋ ಸಿಪ್ಪೆ, ನಾರು, ಒಳತಿರುಳು ಇವುಗಳ ಹೆಸರು ಆಗಲೇ ಬರೋದು. ಸೌದೆಯ ಮೈಯಲ್ಲೇ ಚಾಕುವಿನಿಂದ ಎಳೆಎಳೆ ಕೆತ್ತಿ, ಸುರುಳಿಗಳನ್ನ ಕಳಚದೇ ಹಂಗೇ ಬಿಡೋ ಕಡ್ಡಿಯೂ ಅಂಥದ್ದೇ, ಹೊರಗೆ ನೆಂದಿದ್ರೂ ಒಳಗಿನ ಒಣ ಮರ ಹತ್ತುತ್ತೆ, ಇಂಗ್ಲಿಷಲ್ಲಿ ಫೆದರ್ ಸ್ಟಿಕ್, ಫಿನ್ನಿಷ್‌ನಲ್ಲಿ ಕಿಯೆಹಿನೆನ್.

ವಯಸ್ಸಾದವರನ್ನ ಮೊದಲು ಕೇಳಿ. ಗ್ಯಾಸ್ ಸ್ಟೌ ಬಂದ ಮನೇಲಿ ಸೌದೆ ಅನ್ನೋ ಪದ ಹೇಗೋ ಉಳಿಯುತ್ತೆ, ಪುರಳೆ ಸಿಬರು ಅನ್ನೋವು ಒಂದೇ ತಲೆಮಾರಲ್ಲಿ ಮಾಯ ಆಗ್ತವೆ, ಯಾಕಂದ್ರೆ ಆ ವಸ್ತುವನ್ನ ಕೈಯಲ್ಲಿ ಹಿಡಿಯೋರೇ ಇರಲ್ಲ. ಇದನ್ನ ನೋಡಿದ್ರೆ ನಂಗೆ ನಿಜವಾಗ್ಲೂ ಸಂಕಟ ಆಗುತ್ತೆ, ಹಾಗಾಗಿ ಕೇಳೋದಿದ್ರೆ ತಡ ಮಾಡ್ಬೇಡಿ.

ಉಜ್ಜಿ ಬೆಂಕಿ ತೆಗೆಯೋ ಮರಗಳು

ಇವನ್ನ ಯಾವಾಗ್ಲೂ ಜೋಡಿಯಾಗಿ ಬರ್ಕೊಳಿ, ಒಂದನ್ನ ಮಾತ್ರ ಬರೆದ್ರೆ ಅರ್ಧ ಕೆಲಸ. ಸಂಸ್ಕೃತದಲ್ಲಿ ಅರಣಿ, ಕೆಳಗಿನದು ಅಧರಾರಣಿ, ಮೇಲಿನದು ಉತ್ತರಾರಣಿ, ಶಮೀ ಮರದ ಮೇಲೆ ಹುಟ್ಟಿ ಬೆಳೆದ ಅಶ್ವತ್ಥದಿಂದ ಮಾಡ್ಬೇಕು ಅಂತ ಹೇಳ್ತಾರೆ. ಹವಾಯಿಯನ್ ಭಾಷೇಲಿ ಕೆಳಗಿನದು ಔನಾಕಿ, ಕೈಲಿ ಹಿಡಿದು ಉಜ್ಜೋದು ಔಲಿಮಾ, ಲಿಮಾ ಅಂದ್ರೆ ಕೈ. ಜಪಾನಿಯಲ್ಲಿ ಹಿಕಿರಿ ಉಸು, ಹಿಕಿರಿ ಗಿನೆ, ಅಂದ್ರೆ ಬೆಂಕಿಯ ಒರಳು ಮತ್ತೆ ಒನಕೆ. ನ್ಯೂಜಿಲೆಂಡಿನ ಮಾವೋರಿ ಕಥೇಲಿ ಬೆಂಕಿಯ ದೇವತೆ ಮಹುಯಿಕಾಳ ಬೆಂಕಿ ಅಡಗಿಕೊಂಡಿದ್ದು ಕೈಕೋಮಾಕೋ ಮರದಲ್ಲಿ, ಆ ಮರದಿಂದಲೇ ಅವರು ಬೆಂಕಿ ತೆಗೀತಿದ್ರು. ಇಲ್ಲಿ ಮರದ ಜಾತಿ ಬಹಳ ಮುಖ್ಯ, ಎಲ್ಲಾ ಮರ ಉಜ್ಜಿದ್ರೂ ಕೆಂಡ ಬರಲ್ಲ, ಹಾಗಾಗಿ ಪದದ ಜೊತೆ ಮರದ ಹೆಸರನ್ನೂ ಕೇಳಿ ಬರೆದಿಟ್ಕೊಳಿ.

ಬರೆದಿಡೋ ರೀತಿ ಹೀಗಿದ್ರೆ ಸಾಕು. ಒಕೋತೆ, ಮೆಕ್ಸಿಕೋದ ಸ್ಪ್ಯಾನಿಷ್, ಮೂಲ ನಾವಾತ್ಲ್, ರಾಳ ತುಂಬಿದ ಪೈನ್ ತಿರುಳಿನ ಸಿಬರು, ಕೆಲಸ ಪುಳ್ಳೆಗೆ ಉರಿ ಹಿಡಿಸೋದು, ಹೆಸರು ಬಂದಿದ್ದು ಮರದಿಂದ. ಇದರ ಜೊತೆಗೆ ಯಾರಿಂದ ಕೇಳಿದ್ದು ಅನ್ನೋದಕ್ಕೆ ಊರು ಮತ್ತೆ ಅಂದಾಜು ವಯಸ್ಸು, ಅವರೇ ಹೇಳಿದ ಒಂದು ಪೂರ್ತಿ ವಾಕ್ಯ, ಆಗೋದಾದ್ರೆ ಮೊಬೈಲಲ್ಲಿ ಧ್ವನಿ. ಕನ್ನಡ ಲಿಪೀಲಿ ಬರೆದಾಗ ಉಚ್ಚಾರಣೆ ಸರಿ ಕೂರದಿದ್ರೆ ಆ ಭಾಷೆಯ ಲಿಪೀಲೂ ಬರೆಸ್ಕೊಳಿ. ಪದ ಇಲ್ಲ ಅಂತ ಅವರು ಅಂದ್ರೆ, ಇಲ್ಲ ಅಂತ ಬರೆದು ಬಿಡೋ ಬದಲು ಆ ತುಂಡನ್ನ ಅವರು ತೋರಿಸಿ ಹೇಳೋ ಮಾತನ್ನೇ ಬರ್ಕೊಳಿ, ಒಲೆ ಹಚ್ಚೋಕೆ ಇಡೋದು ಅಂತಲೋ ಸಣ್ಣವು ಅಂತಲೋ ಏನಿದ್ರೂ ಸರಿ, ಆ ಮನೇಲಿ ಅದರ ಹೆಸರು ಅದೇ.